ಟಾಂಟಿ ಎಸ್ಟಿನಾ ಮನೆಯ ಕಲ್ಲು

ಏ ಮೇಲಿನ ಮೆಟ್ಟಿಲಿನವರೇ, ಏ ಕೆಳಗೆ ಬಸ್ಸಿಗೆ ನಿಂತವರೇ, ಸ್ವಲ್ಪ ಇತ್ತ ಕಿವಿ ಕೊಡಿ. ಆ ಹಾಡಿನ ಪೆಟ್ಟಿಗೆಯನ್ನು ಯಾರಾದರೂ ಸಣ್ಣ ಮಾಡಿ. ಬ್ರೂಕ್ಲಿನ್‌ನಲ್ಲಿ ದಪ್ಪ ಕೋಟು ಹಾಕಿಕೊಂಡು ಫೋನಿನಲ್ಲಿ ಇದನ್ನು ಕೇಳುತ್ತಿರುವವರೂ ಸೇರಿ, ಎಲ್ಲರಿಗೂ ಒಂದೇ ಸಲ ಹೇಳಿಬಿಡುತ್ತೇನೆ. ಟಾಂಟಿ ಎಸ್ಟಿನಾಗೆ ತಲೆ ಕೆಟ್ಟಿದೆ, ಕಲ್ಲಿಗೆ ಊಟ ಹಾಕುತ್ತಿದ್ದಾರೆ ಎಂದು ಮಾರುಕಟ್ಟೆಯಲ್ಲಿ ಯಾರೋ ಹಬ್ಬಿಸಿದ್ದಾರಂತೆ. ಹಬ್ಬಿಸಿದವರು ಮೊನ್ನೆ ಗುರುವಾರ ಆ ಮನೆಯಲ್ಲಿ ಇರಲಿಲ್ಲ. ನಾನಿದ್ದೆ.

ಸೇಂಟ್ ಜಾರ್ಜಸ್‌ನ ಈ ಗುಡ್ಡದಲ್ಲಿ, ಊರಿಗೆಲ್ಲ ಚಿಕ್ಕಮ್ಮನಾದ ಟಾಂಟಿ ಯಾರೆಂದು ಹೇಳಬೇಕಾಗಿಲ್ಲ. ನಿಮ್ಮೆಲ್ಲರ ಶಾಲೆಯ ಲಂಗ, ಚಡ್ಡಿಗಳ ಅಂಚನ್ನು ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಮ್ಮೆಯಾದರೂ ಮಡಿಸಿದ್ದಾರೆ. ಎಪ್ಪತ್ತೊಂದು ವರ್ಷ. ಹುಟ್ಟಿದ್ದು ಕ್ಯಾರಿಯಾಕೂ ದ್ವೀಪದಲ್ಲಿ, ಮದುವೆಯಾದದ್ದೂ ಅಲ್ಲಿಯವನನ್ನೇ. ಆ ಗಂಡ ಅಲ್ಸಿಡ್ ಇಲ್ಲಿಯ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಸತ್ತು ಹನ್ನೆರಡು ವರ್ಷವಾಯಿತು. ಸಾಯುವ ಮೊದಲೇ ಹೇಳಿಟ್ಟಿದ್ದನಂತೆ, ತನ್ನನ್ನು ಈ ದೊಡ್ಡ ಊರಿನಲ್ಲಿ ಬಿಡಬೇಡಿ ಎಂದು. ದೋಣಿಯಲ್ಲಿ ಒಯ್ದು ದ್ವೀಪದ ದಂಡೆಯ ಸ್ಮಶಾನದಲ್ಲಿ ಅವನ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು.

ದ್ವೀಪದವರು ಮಣ್ಣು ಮಾಡಿದ ದಿನವೇ ಕಲ್ಲು ನಿಲ್ಲಿಸುವುದಿಲ್ಲ. ಮಣ್ಣು ಕೂರಬೇಕು. ಒಂದೆರಡು ವರ್ಷ ಕಳೆದ ಮೇಲೆ ನೆಂಟರೆಲ್ಲ ಸೇರಿ, ಕುರಿ ಕಡಿದು, ಡ್ರಮ್ಮು ಬಾರಿಸಿ, ನೆಲಕ್ಕೆ ರಮ್ ಚೆಲ್ಲಿ, ಹೆಸರು ಕೆತ್ತಿದ ಕಲ್ಲನ್ನು ತಲೆಯ ಕಡೆ ನಿಲ್ಲಿಸುತ್ತಾರೆ. ಅದೇ ಕಲ್ಲೂಟ. ಅಲ್ಲಿಯತನಕ ಸತ್ತವನಿಗೆ ನೆಲೆಯಿಲ್ಲ. ಮನೆಯವರ ಕನಸಿಗೆ ಬಂದು ಅದು ಬೇಕು, ಇದು ಬೇಕು ಎಂದು ಕೇಳುತ್ತಾನೆ. ಕಲ್ಲು ನಿಂತ ಮೇಲೆ ಕೇಳುವುದೂ ಇಲ್ಲ, ಬರುವುದೂ ಇಲ್ಲ.

ಟಾಂಟಿ ಮರುವರ್ಷವೇ ಕಲ್ಲು ಕೆತ್ತಿಸಿದ್ದರು. ಅಂದಿನಿಂದ ಅದು ಬಿಳಿ ದುಪ್ಪಟಿ ಹೊದ್ದುಕೊಂಡು ಹೊಲಿಗೆ ಯಂತ್ರದ ಹಿಂದೆ ನಿಂತಿತ್ತು. ಚಿಕ್ಕಂದಿನಲ್ಲಿ ಅಳತೆ ಕೊಡಲು ಹೋದಾಗ ಅದಕ್ಕೆ ಒರಗಿದರೆ ಬೆನ್ನಿಗೆ ಅಳತೆಪಟ್ಟಿಯ ಏಟು ಬೀಳುತ್ತಿತ್ತು. "ಅದು ಗೋಡೆ ಅಲ್ಲ ಕಣೇ, ನನ್ನ ಗಂಡ. ಸರಿಯಾಗಿ ನಿಂತ್ಕೋ."

ಪ್ರತಿ ಜನವರಿಯಲ್ಲೂ ದ್ವೀಪದ ಪ್ರಯಾಣದ ತಯಾರಿ. ಯಾವ ದೋಣಿ, ಡ್ರಮ್ಮಿಗೆ ಯಾರು, ಅನ್ನದ ಉಂಡೆ ಕಟ್ಟುವವರು ಯಾರು, ಯಾವ ನೆಂಟ ಯಾರ ಪಕ್ಕ ಕೂತರೆ ಜಗಳ, ಎಲ್ಲವೂ ಬಾಯಿಪಾಠ. ಈಸ್ಟರ್ ಬರುವಷ್ಟರಲ್ಲಿ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ವರ್ಷ ಮಂಡಿ. ಒಂದು ವರ್ಷ ಹೊಲಿಗೆಯ ರಾಶಿ. ಮತ್ತೊಂದು ವರ್ಷ ಕಲ್ಲೂಟಕ್ಕೆ ಉಡುವ ಬಿಳಿ ಉಡುಪಿಗೆ ತಕ್ಕ ಗುಂಡಿ ಸಿಗಲಿಲ್ಲ. ಊರಿಗೆಲ್ಲ ಗುಂಡಿ ಹಾಕುವ ಹೆಂಗಸಿಗೆ ಗುಂಡಿ ಸಿಗಲಿಲ್ಲವಂತೆ.

ದ್ವೀಪದಲ್ಲಿರುವ ನಾದಿನಿ ಮೆಲ್ವಿನಾ ಭಾನುವಾರ ತಪ್ಪದೆ ಫೋನು ಮಾಡುತ್ತಿದ್ದಳು. ಆಕೆಯ ದನಿ ಫೋನಿಲ್ಲದೆಯೇ ಪಕ್ಕದ ನಮ್ಮ ಮನೆಗೆ ಕೇಳುತ್ತಿತ್ತು.

"ಅತ್ತಿಗೆ, ಈ ವರ್ಷನಾದ್ರೂ ಬರ್ತೀಯೋ, ಇಲ್ಲ ಅಣ್ಣನ್ನ ಹಂಗೇ ಬೀದಿ ಅಲೆಸ್ತೀಯೋ?"

"ಬರ್ತೀನಿ ಮೆಲ್ವಿನಾ. ಗುಂಡಿ ಒಂದು ಸಿಗ್ಲಿ."

"ಸಮುದ್ರ ತೆಂಗಿನ ಸಾಲು ದಾಟಿ ಒಳಗೆ ಬಂದಿದೆ. ಕೆಳಗಿನ ಗೋರಿ ಎರಡು ಬಿರುಕು ಬಿಟ್ಟಿವೆ. ನಾನು ಹೇಳಿಲ್ಲ ಅನ್ಬೇಡ ಆಮೇಲೆ."

"ಸಮುದ್ರ ನಾನು ಹುಟ್ಟಿದಾಗಿಂದ ಬರ್ತಾನೇ ಇದೆ ಬಿಡು."

ಹೋದ ವರ್ಷ ನಾನೇ ಕೆಣಕಿದೆ. "ಟಾಂಟಿ, ಸುಮ್ನೆ ನೆಪ ಹೇಳ್ಬೇಡಿ. ನಿಮಗೆ ಹೋಗೋಕೆ ಮನಸ್ಸಿಲ್ಲ."

ಅವರು ಹೊಲಿಗೆ ನಿಲ್ಲಿಸಿದರು. ಬಾಯಿಂದ ಗುಂಡುಸೂಜಿ ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದರು. "ಜೆರ್ಲಿನ್, ವಾರಕ್ಕೊಂದು ಸಲನಾದ್ರೂ ಬರ್ತಾನೆ ಅವನು. ಹುರಿದ ಮೀನು ಕೇಳ್ತಾನೆ. ಟೋಪಿ ಎಲ್ಲಿಟ್ಟೆ ಅಂತಾನೆ. ಒಂದಿನ ಬಂದು ನನ್ನ ಹೊಲಿಗೆ ಸೊಟ್ಟ ಅಂದ. ಕಲ್ಲು ನಿಲ್ಲಿಸಿ ಬಂದ್ರೆ ಮುಗೀತು. ಆಮೇಲೆ ಈ ಮನೇಲಿ ನನ್ನ ಹತ್ರ ಜಗಳ ಆಡೋಕೆ ಯಾರಿದಾರೆ, ನೀನು ಬರ್ತೀಯಾ?"

ನಮ್ಮ ಮೆಟ್ಟಿಲುಗಳ ಮೇಲೆ ಹನ್ನೆರಡು ವರ್ಷದಿಂದ ಯಾರಿಗೂ ಹೊಳೆಯದ ವಿಷಯ ಅದು. ಅಲ್ಸಿಡ್ ಕನಸಿನಲ್ಲಿ ಕೇಳಿದ್ದನ್ನು ಟಾಂಟಿ ಮರುದಿನವೇ ಬೇಯಿಸಿ, ಕಲ್ಲಿನ ಮುಂದೆ ತಟ್ಟೆ ಇಡುತ್ತಿದ್ದರು. ಸತ್ತವರ ಊಟಕ್ಕೆ ಉಪ್ಪು ಹಾಕುವ ಹಾಗಿಲ್ಲ. ಕೈತಪ್ಪಿ ಬೀಳಬಾರದೆಂದು ಅಂಥ ದಿನ ಉಪ್ಪಿನ ಡಬ್ಬಿಯನ್ನು ತಂದು ನಮ್ಮ ಮನೆಯಲ್ಲಿಟ್ಟು ಹೋಗುತ್ತಿದ್ದರು. ಡಬ್ಬಿ ನಮ್ಮ ಕಿಟಕಿಯ ಮೇಲೆ ಕೂತಿತೆಂದರೆ ಅಲ್ಸಿಡ್ ಬಂದು ಹೋದನೆಂದು ನಮಗೆ ಗೊತ್ತಾಗುತ್ತಿತ್ತು.

ಈ ಸಲ ಮಾರ್ಚಿನಲ್ಲಿ ಬಂದವನು ಏನನ್ನೂ ಕೇಳಲಿಲ್ಲ. "ಬಾಗಿಲಲ್ಲೇ ನಿಂತಿದ್ದ. ಪ್ಯಾಂಟಿನ ಅಂಚೆಲ್ಲ ಒದ್ದೆ. ಒಳಗೆ ಬಾ ಅಂದ್ರೆ ಬರ್ಲಿಲ್ಲ. ಸುಮ್ನೆ ನೋಡ್ದ, ಹೋದ," ಎಂದರು ಟಾಂಟಿ. ಮೂರು ವಾರ ಹಾಗೆಯೇ, ಒದ್ದೆ ಮಾತ್ರ ಮೇಲೇರುತ್ತಿತ್ತು. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ತೊಡೆ. ನಾಲ್ಕನೆಯ ವಾರ ಅವರು ಹೊಲಿಗೆಗೆ ಬಂದ ಬಟ್ಟೆಯನ್ನೆಲ್ಲ ವಾಪಸ್ ಕೊಟ್ಟು, ನನ್ನನ್ನು ಕರೆದುಕೊಂಡು ಬಂದರಿಗೆ ಇಳಿದರು.

ದೋಣಿಯ ಗಾಡ್‌ಫ್ರಿ ಸಿಮೆಂಟು ಚೀಲದ ಮೇಲೆ ಕೂತು ಮಾವಿನಹಣ್ಣು ತಿನ್ನುತ್ತಿದ್ದ. ಅಲ್ಸಿಡ್‌ನ ಹಳೆಯ ಗೆಳೆಯ.

"ಗಾಡ್‌ಫ್ರಿ, ನಿಜವಾಗ್ಲೂ ಹೊರಟಿದೀನಿ ಈ ಸಲ."

"ಹನ್ನೊಂದನೇ ಸಲ ಕೇಳ್ತಿದೀನಿ ಇದನ್ನ. ಕೂತ್ಕೋ, ಮಾವಿನಹಣ್ಣು ತಿನ್ನು."

"ಶುಕ್ರವಾರ ಬೆಳಿಗ್ಗೆ. ಕಲ್ಲಿಗೆ ಜಾಗ ಬೇಕು."

ಅವನು ಹಣ್ಣನ್ನು ಕೆಳಗಿಟ್ಟು ಟಾಂಟಿಯ ಮುಖ ನೋಡಿದ. ಕೈಯನ್ನು ಅಂಗಿಗೆ ಒರೆಸಿಕೊಂಡ. "ಅಲ್ಸಿಡ್ ಬದುಕಿದ್ದಾಗ ನನ್ನ ದೋಣೀಲಿ ಒಂದು ಸಲಾನೂ ದುಡ್ಡು ಕೊಟ್ಟಿಲ್ಲ. ಈಗ ಕೊಟ್ರೆ ನನಗೇ ಬೇಜಾರಾಗುತ್ತೆ. ಗುರುವಾರ ಮಧ್ಯಾಹ್ನ ಬಂದು ಎತ್ಕೊಂಡು ಹೋಗ್ತೀನಿ. ಮಲಗಿಸಿ ಒಯ್ತೀನಿ. ನಿಲ್ಸಿದ್ರೆ ಅವನಿಗೆ ಮೊದಲಿಂದಾನೂ ದೋಣೀಲಿ ವಾಂತಿ."

ಟಾಂಟಿ ನಕ್ಕರು. ಅವತ್ತಿನಿಂದ ಇವತ್ತಿನವರೆಗೆ ಅವರು ನಕ್ಕದ್ದನ್ನು ನಾನು ನೋಡಿಲ್ಲ.

ಗುರುವಾರ ಬೆಳಿಗ್ಗೆ ಸೂಟ್‌ಕೇಸು ಹಾಸಿಗೆಯ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಬಿಳಿ ಉಡುಪಿಗೆ ನಾನು ಇಸ್ತ್ರಿ ಹಾಕುತ್ತಿದ್ದೆ. ಗುಂಡಿಗಳಿಗೇನೂ ಕೊರತೆಯಿರಲಿಲ್ಲ. ಟಾಂಟಿ ಅಲ್ಸಿಡ್‌ನ ಹಳೆಯ ಖಾಕಿ ಪ್ಯಾಂಟನ್ನು ಮಡಿಸುತ್ತಿದ್ದರು. ಕಲ್ಲೂಟದ ದಿನ ಸತ್ತವನ ಬಟ್ಟೆಯನ್ನು ನೆಂಟರಿಗೆ ಕೊಡಬೇಕು, ಅದಕ್ಕೆ. ಆಗ ಫೋನು ಬಡಿದುಕೊಂಡಿತು. ಭಾನುವಾರವಲ್ಲ, ಗುರುವಾರ. ಟಾಂಟಿಯ ಕೈ ಅಲ್ಲೇ ನಿಂತಿತು.

"ಅತ್ತಿಗೆ." ಮೆಲ್ವಿನಾಳ ದನಿ ಅಂದು ಗೋಡೆ ದಾಟುವಂತಿರಲಿಲ್ಲ. ನಾನು ಹತ್ತಿರ ಹೋಗಿ ಕೇಳಬೇಕಾಯಿತು. "ಎರಡು ದಿನದಿಂದ ಉತ್ತರದ ಅಲೆ ಹೊಡೀತಿದೆ. ಸ್ಮಶಾನದ ಕೆಳಗಿನ ಸಾಲು ಪೂರ್ತಿ ಹೋಯ್ತು."

"ಅಲ್ಸಿಡ್?"

"ಅಪ್ಪನ ಗೋರಿ ಅರ್ಧ ಇದೆ. ಅಣ್ಣಂದು ಇಲ್ಲ. ಹಳ್ಳ ಕೂಡ ಇಲ್ಲ ಅತ್ತಿಗೆ, ನೀರಿದೆ. ಗಂಡಸರು ಹಗ್ಗ ಕಟ್ಕೊಂಡು ಇಳಿದು ನೋಡಿದ್ರು. ಏನೂ ಸಿಗ್ಲಿಲ್ಲ."

ಆ ಕಡೆ ಮೆಲ್ವಿನಾ ಅಳುತ್ತಿದ್ದಳು. "ಹೇಳಿದ್ನಲ್ಲ ನಾನು. ಎರಡು ವರ್ಷದಿಂದ ಹೇಳ್ತಿದ್ನಲ್ಲ. ಮೇಲಿನ ಜಾಗಕ್ಕೆ ಎತ್ತೋಣ ಅಂದ್ರೆ, ಕಲ್ಲು ನಿಲ್ಲದ ಗೋರಿ ಯಾರೂ ಮುಟ್ಟಂಗಿಲ್ಲ. ನೀನು ಬಂದು ನಿಲ್ಸಿದ್ರೆ ತಾನೇ."

"ಹೌದು," ಎಂದರು ಟಾಂಟಿ. "ಹೇಳಿದ್ದೆ ನೀನು." ಫೋನನ್ನು ಖಾಕಿ ಪ್ಯಾಂಟಿನ ಮೇಲಿಟ್ಟರು. ಅದು ಇನ್ನೂ ಅಳುತ್ತಲೇ ಇತ್ತು.

ಇಸ್ತ್ರಿ ಪೆಟ್ಟಿಗೆಯ ಕೆಳಗೆ ಬಟ್ಟೆ ಸೀದ ವಾಸನೆ ಬಂದಾಗ ನಾನು ಓಡಿಹೋಗಿ ಪೆಟ್ಟಿಗೆ ಎತ್ತಿದೆ. ಬಿಳಿ ಉಡುಪಿನ ತೋಳಿನ ಮೇಲೆ ಕಂದು ಗುರುತು. ಟಾಂಟಿ ಅದನ್ನು ನೋಡಿ ಬಯ್ಯಲೂ ಇಲ್ಲ.

"ಹನ್ನೆರಡು ವರ್ಷ ಅವನ ತಟ್ಟೆಗೆ ಒಂದು ಕಾಳು ಉಪ್ಪು ಬೀಳ್ದಂಗೆ ನೋಡ್ಕೊಂಡೆ ಕಣೇ," ಎಂದರು. "ಈಗ ಪೂರ್ತಿ ಉಪ್ಪಲ್ಲೇ ಮಲಗಿದಾನೆ."

ಮಧ್ಯಾಹ್ನ ಎರಡಕ್ಕೆ ಗಾಡ್‌ಫ್ರಿ ಇಬ್ಬರು ಆಳುಗಳೊಂದಿಗೆ, ಹಗ್ಗ ಹಿಡಿದು ಮೆಟ್ಟಿಲು ಹತ್ತಿ ಬಂದ. ಏದುಸಿರಿನಲ್ಲೇ ತಮಾಷೆ ಶುರು ಮಾಡಿದ. "ಎಲ್ಲಿ ನಮ್ಮ ಮಹಾರಾಜ, ಇನ್ನೂ ಎದ್ದಿಲ್ವಾ?" ನಾನು ಬಾಗಿಲಲ್ಲೇ ಅವನಿಗೆ ವಿಷಯ ಹೇಳಿದೆ. ಅವನು ಟೋಪಿ ತೆಗೆದ. ಒಳಗೆ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದ.

"ಆದ್ರೂ ಒಯ್ಲಾ ಎಸ್ಟಿನಾ? ಗುಡ್ಡದ ಮೇಲೆ ಹೊಸ ಜಾಗ ಇದೆ. ಹೆಸರಾದ್ರೂ ದ್ವೀಪದಲ್ಲಿ ಇರುತ್ತೆ."

"ಕೆಳಗೆ ಯಾರೂ ಇಲ್ದೆ ಕಲ್ಲು ನಿಲ್ಲಿಸಿದ್ರೆ ಅದು ಯಾರ ತಲೆ ಕಾಯುತ್ತೆ? ಬೇಡ."

"ಹಂಗಾದ್ರೆ ಅವನು ಇನ್ನೂ..." ಎಂದು ಶುರು ಮಾಡಿ ಅವನೇ ಅಲ್ಲಿಗೆ ಬಿಟ್ಟ.

"ಹೌದು. ನಾನು ಸತ್ತ ಮೇಲೂ ಅಲೀತಾನೆ. ನನ್ನ ಬಿಟ್ರೆ ಅವನಿಗೆ ಬೇಯ್ಸಿ ಇಡೋರೂ ಇಲ್ಲ." ಕಲ್ಲಿನ ದುಪ್ಪಟಿಯನ್ನು ಸರಿಮಾಡಿ, "ಹೆಂಗೂ ಎತ್ತೋಕೆ ಅಂತ ಬಂದಿದೀರ. ಹಾಸಿಗೆ ಮೇಲೆ ಮಲಗಿಸಿ ಹೋಗಿ," ಎಂದರು.

ಕಲ್ಲೂಟದ ಹಿಂದಿನ ದಿನ ಕಲ್ಲನ್ನು ಸತ್ತವನ ಮನೆಯ ಹಾಸಿಗೆಯ ಮೇಲೆ ಮಲಗಿಸುವುದು ದ್ವೀಪದ ಪದ್ಧತಿ. ಅದು ಗಾಡ್‌ಫ್ರಿಗೂ ಗೊತ್ತು. ಮೂವರೂ ಸೇರಿ ಸೂಟ್‌ಕೇಸನ್ನು ಕೆಳಗಿಟ್ಟು, ಕಲ್ಲನ್ನು ಎತ್ತಿ, ಮಂಚ ಕಿರ್ರೆನ್ನದಂತೆ ನಿಧಾನವಾಗಿ ಇಳಿಸಿದರು. "ಈ ಕಡೆ ಅಲ್ಲ," ಎಂದರು ಟಾಂಟಿ. "ಅವನು ಕಿಟಕಿ ಕಡೆ ಮಲಗ್ತಿದ್ದ." ಅವರು ಮತ್ತೆ ಎತ್ತಿ ಆ ಕಡೆ ಮಲಗಿಸಿದರು. ಹೋಗುವಾಗ ಗಾಡ್‌ಫ್ರಿ ದುಪ್ಪಟಿಯ ಮೇಲಿಂದ ಕಲ್ಲನ್ನು ಎರಡು ಸಲ ತಟ್ಟಿದ, ಗೆಳೆಯನ ಭುಜ ತಟ್ಟುವ ಹಾಗೆ.

ಸಂಜೆ ಉಪ್ಪಿನ ಡಬ್ಬಿ ನಮ್ಮ ಮನೆಗೆ ಬಂತು. ನಾನು ಹೋಗಿ ನೋಡಿದಾಗ ಟಾಂಟಿ ಅನ್ನದ ಉಂಡೆ, ಹುರಿದ ಮೀನನ್ನು ಸ್ಟೂಲಿನ ಮೇಲಿಟ್ಟಿದ್ದರು. ಸೀದುಹೋದ ಬಿಳಿ ಉಡುಪನ್ನೇ ತೊಟ್ಟಿದ್ದರು. ಇವತ್ತು ನಮ್ಮ ಮನೆಯಲ್ಲೇ ಮಲಗಿ ಟಾಂಟಿ ಎಂದೆ. "ಅವನು ಬಂದ್ರೆ ಬಾಗಿಲು ಯಾರು ತೆಗೀತಾರೆ?" ಎಂದರು.

ಇನ್ನೂ ಬೆಳಕಿತ್ತು. ಕೆಳಗೆ ಗಾಡ್‌ಫ್ರಿಯ ದೋಣಿಗೆ ಸಿಮೆಂಟು ತುಂಬುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಟಾಂಟಿ ಸೂಟ್‌ಕೇಸಿನಿಂದ ಟವೆಲೊಂದನ್ನು ತೆಗೆದು ಕಿಟಕಿಯ ಕಡೆಯ ನೆಲದ ಮೇಲೆ, ಮಂಚದಿಂದ ಕಾಲಿಳಿಸುವ ಜಾಗದಲ್ಲಿ ಹಾಸಿದರು. ಮಡಿಸಿಟ್ಟಿದ್ದ ಒಣ ಖಾಕಿ ಪ್ಯಾಂಟನ್ನು ಕುರ್ಚಿಯ ಬೆನ್ನಿಗೆ ಹಾಕಿದರು. ಗೋಡೆಯ ಕಡೆ ಸರಿದು, ಕಲ್ಲಿನ ದುಪ್ಪಟಿಯ ತುದಿಯನ್ನು ತಮ್ಮ ಮೇಲೂ ಎಳೆದುಕೊಂಡು ಮಲಗಿದರು.