ಮುಹ್ಸಿನಾ ಅಳಿಸಿದ ಹೆಸರು

ಉಪ್ಪಳದ ಮುಹ್ಸಿನಾ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ರಾಣಿಪುರಂ ಬೆಟ್ಟದ ಕಾಡಿನಲ್ಲಿ, ಜಿಗಣೆಗಳಿಂದ ಕಚ್ಚಿಸಿಕೊಳ್ಳುತ್ತ, ನೆಲದಲ್ಲಿ ಲೋಟ ಹೂತು ಹುಳ ಹಿಡಿಯುತ್ತಿದ್ದಳು. 2008ರ ಮಳೆಗಾಲ ಮುಗಿಯುವಾಗ ಎರಡು ಜೀರುಂಡೆಗಳು ಬಿದ್ದವು. ತಿಕ್ಕಿ ತೊಳೆದ ತಾಮ್ರದಂಥ ಮೈ, ಅಂಚಿಗೆ ಹಸಿರು ಹೊಳಪು. ಪುಸ್ತಕಗಳಲ್ಲಿ ಅಂಥದ್ದು ಕಾಣಲಿಲ್ಲ. ಹೊಸ ಪ್ರಭೇದವೇ ಇರಬೇಕೆಂದು ಹಿಗ್ಗಿ, ಅವನ್ನು ತನ್ನ ಮಾರ್ಗದರ್ಶಕ ಪ್ರೊಫೆಸರ್ ವೆಂಕಟಕೃಷ್ಣರ ಮೇಜಿನ ಮೇಲಿಟ್ಟಳು.

ಮರುವರ್ಷ ಪ್ರೊಫೆಸರರ ಲೇಖನ ಬಂತು. ಜೀರುಂಡೆಗೆ ಅವರ ತಂದೆಯ ಹೆಸರು. ಮುಹ್ಸಿನಾಳ ಹೆಸರು ಕೃತಜ್ಞತೆಯ ಸಾಲಿನಲ್ಲಿಯೂ ಇರಲಿಲ್ಲ. ಕೇಳಲು ಹೋದಾಗ ಅವರು ತಲೆ ಎತ್ತದೆ ಹೇಳಿದರು:

“ಹುಳ ಹೆಕ್ಕಿದ್ದು ಮಾತ್ರ ನೀನು. ನಾಳೆ ಮದುವೆಯಾಗಿ ಗಲ್ಫಿಗೆ ಹೋಗುವವಳಿಗೆ ಇದೆಲ್ಲ ಎಂತಕ್ಕೆ?”

ಅವಳು ಸಂಶೋಧನೆ ಬಿಟ್ಟು ಶಾಲೆಯೊಂದರಲ್ಲಿ ಟೀಚರಾದಳು. ಆದರೆ ಆ ಲೇಖನವನ್ನು ಬಾಯಿಪಾಠ ಬರುವಷ್ಟು ಓದಿದಳು. ಹಾಗೆ ಓದುತ್ತಲೇ ಅವರ ಅವಸರ ಅವಳ ಕಣ್ಣಿಗೆ ಬಿತ್ತು. ಸಿಕ್ಕಿದ್ದ ಎರಡೂ ಹೆಣ್ಣು. ಇಂಥ ಜೀರುಂಡೆಗಳ ಮೈಬಣ್ಣವನ್ನು ನಂಬುವಂತಿಲ್ಲ. ಗಂಡಿನ ಜನನಾಂಗ ಬಿಡಿಸಿ ನೋಡಿದರೇ ಪ್ರಭೇದ ಖಚಿತವಾಗುವುದು. ಅವರು ಗಂಡನ್ನು ನೋಡಿಯೇ ಇರಲಿಲ್ಲ.

ಅರಣ್ಯ ಇಲಾಖೆಯ ಅನುಮತಿ ಪಡೆದು ರಜೆ ಬಂದಾಗಲೆಲ್ಲ ಬೆಟ್ಟ ಹತ್ತಿದಳು. ಗಂಡು ಸಿಗಲು ವರ್ಷಗಳೇ ಹಿಡಿದವು. ಸಿಕ್ಕಿದ್ದನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ, ವಿದೇಶದ ಮ್ಯೂಸಿಯಮ್ಮೊಂದರಿಂದ ತರಿಸಿದ ಚಿತ್ರಗಳೊಂದಿಗೆ ಹೋಲಿಸಿದಳು. ನೂರು ವರ್ಷಗಳ ಹಿಂದೆಯೇ ಬೇರೊಂದು ಬೆಟ್ಟದಲ್ಲಿ ಸಿಕ್ಕಿ ಹೆಸರು ಪಡೆದಿದ್ದ ಹಸಿರು ಜೀರುಂಡೆಯೇ ಇದು. ಅಂಗದ ತುದಿಯ ಬಾಗು ಸಹ ಅದೇ. ಬಣ್ಣವೊಂದು ಬೇರೆ, ಅಷ್ಟೆ.

ವಿಷಯ ಹೇಗೋ ಕಿವಿಗೆ ಬಿದ್ದು ವೆಂಕಟಕೃಷ್ಣರು ಫೋನ್ ಮಾಡಿದರು. ನಿವೃತ್ತಿಯ ಹೊತ್ತಿನಲ್ಲಿ ಮರ್ಯಾದೆ ತೆಗೆಯಬೇಡ, ಇಬ್ಬರ ಹೆಸರಿನಲ್ಲೂ ಒಂದು ತಿದ್ದುಪಡಿ ಹಾಕೋಣ ಎಂದು ಬೇಡಿಕೊಂಡರು. ಅವರು ಇನ್ನೂ ಸ್ವಲ್ಪ ಬೇಡಲಿ ಎಂದು ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಫೋನ್ ಇಟ್ಟಳು.

2016ರಲ್ಲಿ ಅವಳೊಬ್ಬಳದೇ ಹೆಸರಿನಲ್ಲಿ ಲೇಖನ ಬಂತು. ಒಂದು ಪ್ರಭೇದಕ್ಕೆ ಮೊದಲು ಇಟ್ಟ ಹೆಸರೇ ನಿಲ್ಲುವುದು ನಿಯಮ. ಹಾಗಾಗಿ ಪ್ರೊಫೆಸರರು ಕೊಟ್ಟ ಹೆಸರು ರದ್ದಾಯಿತು. ಇನ್ನು ಯಾರೂ ಆ ಜೀರುಂಡೆಯನ್ನು ಅವರ ತಂದೆಯ ಹೆಸರಿನಿಂದ ಕರೆಯುವಂತಿರಲಿಲ್ಲ.

ಉಮ್ಮ ಮೈಮೂನಾಗೆ ಎಲ್ಲವನ್ನೂ ಬಿಡಿಸಿ ಹೇಳಿದಾಗ ಆಕೆ ಕೇಳಿದರು:

“ಹಾಗಾದರೆ ನಿನಗೆ ಸಿಕ್ಕಿದ್ದೂ ಹೊಸತಲ್ಲ ಅಂತಾಯ್ತಲ್ಲ ಮಗಳೇ?”

“ಹೋಗಲಿ ಉಮ್ಮಾ. ಅವರದ್ದು ಹೋಯಿತಲ್ಲ, ಸಾಕು.”

ಮರುದಿನ ತಾನೇ ಅಂಚೆ ಕಚೇರಿಗೆ ಹೋಗಿ, ಲೇಖನದ ಒಂದು ಪ್ರತಿಯನ್ನು ವೆಂಕಟಕೃಷ್ಣರ ಮನೆ ವಿಳಾಸಕ್ಕೆ ರಿಜಿಸ್ಟರ್ ಮಾಡಿದಳು. ಸಾದಾ ಅಂಚೆಯಾದರೆ ಸಿಗಲಿಲ್ಲ ಅನ್ನಬಹುದು. ಇದನ್ನು ಸಹಿ ಹಾಕಿಯೇ ತೆಗೆದುಕೊಳ್ಳಬೇಕು.