ಬಾಣಂತಿಯ ಮುಂದೆ ಕೆಮ್ಮಿದ್ದು

ಉಗಾಂಡಾಕ್ಕೆ ಹೊರಡುವ ಮೂರು ದಿನ ಮೊದಲು ಕಮಲಾಪುರಕ್ಕೆ ಹೋಗಿದ್ದೆ. ತಂಗಿ ಅವ್ವನ ಮನೆಯಲ್ಲಿ ಬಾಣಂತಿ. ಅಂಗಳದಲ್ಲಿ ಚಪ್ಪಲಿ ಬಿಡುವಾಗ ಒಂದೇ ಒಂದು ಸೀನು ಬಂತು. ಅವ್ವ ಒಳಗಿನಿಂದಲೇ ಕೂಗಿದಳು:

"ಅಲ್ಲೇ ನಿಂದ್ರು! ನೆಗಡಿ ತಗೊಂಡು ಕೂಸಿನ ಹಂತ್ಯಾಕ ಬರಬ್ಯಾಡ."

ಕಲಬುರಗಿಯ ಕಾಲೇಜಿನಲ್ಲಿ ಹದಿನೆಂಟು ವರ್ಷಗಳಿಂದ ಜೀವಶಾಸ್ತ್ರ ಕಲಿಸುವ ನನಗೇ ಪಾಠ! ಸಿಟ್ಟು ಬಂತು. ಆದರೆ ಬಾಣಂತಿ ಕೋಣೆಯ ಕಟ್ಟಳೆ ಮುರಿಯುವ ಎದೆಗಾರಿಕೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಕಿಟಕಿಯಾಚೆ ನಿಂತೇ ಕೂಸನ್ನು ನೋಡಿದೆ. ಕಟ್ಟೆಯ ಮೇಲೆ ಕೂತು ಕೆಂಪು ಬಾಳೆಹಣ್ಣು ತಿಂದು, ಕಲಬುರಗಿ ಹತ್ತಿರದ ಕುಸನೂರಿನ ನನ್ನ ಮನೆಗೆ ಮರಳಿದೆ.

ಕಾಡಿನ ಗೊರಿಲ್ಲಾವನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಬಹುದಿನದ ಹುಚ್ಚು. ಕೊನೆಗೂ ಉಗಾಂಡಾದಲ್ಲಿ, ಅವು ಇರುವ ಬೆಟ್ಟದ ಬುಡದಲ್ಲಿ ನಿಂತಿದ್ದೆ. ಮಾರ್ಗದರ್ಶಿ ಎಲ್ಲರಿಗೂ ಮಾಸ್ಕ್ ಕೊಟ್ಟು ಕೇಳಿದ: "ನೆಗಡಿ, ಕೆಮ್ಮು ಯಾರಿಗಾದರೂ ಇದೆಯೇ? ಈಗಲೇ ಹೇಳಿಬಿಡಿ. ನಮ್ಮ ನೆಗಡಿ ಅವುಗಳ ಜೀವ ತೆಗೆಯಬಹುದು."

ನನ್ನ ನೆಗಡಿ ಅಷ್ಟೊತ್ತಿಗೆ ಕೆಮ್ಮಿಗೆ ತಿರುಗಿತ್ತು. ಗುಳಿಗೆ ನುಂಗಿ ಅದನ್ನು ಅದುಮಿಟ್ಟಿದ್ದೆ. ಹೇಳಿದರೆ ಅಲ್ಲಿಂದಲೇ ವಾಪಸು. ನೆಗಡಿಯೇನು ದೊಡ್ಡ ರೋಗವೇ, ಅದಕ್ಕಾಗಿ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ರಜೆ ಹಾಕಿದ್ದುಂಟೇ ಎಂದು ನನಗೆ ನಾನೇ ಹೇಳಿಕೊಂಡೆ. ತಲೆ ಅಡ್ಡಡ್ಡ ಆಡಿಸಿದೆ.

ನಾಲ್ಕು ತಾಸು ಹತ್ತಿದೆವು. ಕೆಸರು, ಮುಳ್ಳು, ಮೈಗೆ ತಾಗಿದರೆ ಉರಿಯುವ ಸೊಪ್ಪು. ಬಿಸಿಲಿನ ಊರಿನವಳಿಗೆ ಆ ಹಸಿ ಕಾಡು ಉಸಿರು ಕಟ್ಟಿಸಿತು. ಬೆವರಿಗೆ ತೊಯ್ದ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡೆ. ಅಷ್ಟರಲ್ಲಿ ಮುಂದಿನ ಪೊದೆ ಅಲುಗಿತು.

ಆಕೆ ಕೂತಿದ್ದಳು. ಮಡಿಲಲ್ಲಿ ಎರಡು ಮೂರು ತಿಂಗಳ ಮರಿ. ಮರಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು. ಥೇಟ್ ನನ್ನ ತಂಗಿಯ ಹಾಗೆ. ನಾನು ಬೆರಗಾಗಿ ಫೋಟೊ ತೆಗೆದೆ, ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಕೆಮ್ಮು ಬಂತು. ತಡೆಯಲು ಆಗಲಿಲ್ಲ. ಬಾಯಿ ಮುಚ್ಚಿಕೊಳ್ಳಲು ಕೈ ಎತ್ತುವುದರೊಳಗೆ ಎರಡು ಸಲ, ಮೂರು ಸಲ ಕೆಮ್ಮಿಬಿಟ್ಟೆ. ಆಕೆ ತಟ್ಟನೆ ಮರಿಯನ್ನು ಎದೆಗವಚಿಕೊಂಡು ನನಗೆ ಬೆನ್ನು ಹಾಕಿದಳು.

ಮಾರ್ಗದರ್ಶಿ ನನ್ನ ರಟ್ಟೆ ಹಿಡಿದು ದೂರ ಎಳೆದೊಯ್ದ. ಬೈಯಲಿಲ್ಲ. "ಎಷ್ಟು ದಿನದಿಂದ?" ಎಂದ. "ಈಗಷ್ಟೇ, ಹತ್ತಿದ ಆಯಾಸಕ್ಕೆ" ಎಂದೆ. ಕೆಮ್ಮಿದ್ದಕ್ಕಿಂತ ಆ ಎರಡನೇ ಸುಳ್ಳು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೇ ನಾನು ಹೆಚ್ಚು ಬೆಚ್ಚಿಬಿದ್ದೆ. ಮಾಸ್ಕನ್ನು ಮೇಲೆಳೆದುಕೊಂಡು ಅವನ ಹಿಂದೆ ಬೆಟ್ಟ ಇಳಿದೆ.

ಊರಿಗೆ ಬಂದ ವಾರಕ್ಕೆ ಕಮಲಾಪುರಕ್ಕೆ ಹೋದೆ. ಕೆಮ್ಮು ಪೂರ್ತಿ ಹೋಗಿತ್ತು. ಅವ್ವ ಮೊಬೈಲಿನಲ್ಲಿದ್ದ ಆ ಫೋಟೊವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಅಯ್ಯ, ಈಕಿ ಬಾಣಂತಿ ಏನ?"

"ಹೂಂನವ್ವ."

ಅವ್ವ ಫೋಟೊದಿಂದ ನನ್ನ ಮುಖಕ್ಕೆ ಕಣ್ಣು ತಿರುಗಿಸಿದಳು. "ನಿನಗ ನೆಗಡಿ ಇತ್ತಲ್ಲ. ಹ್ಯಾಂಗ್ ಹೋದಿ ಆಕಿ ಹಂತ್ಯಾಕ?"

ನಾನು ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಕೂತಿದ್ದೆ. ಅವ್ವ ಒಂದೇ ಮಾತು ಕೇಳಿದಳು:

"ಆಕಿ ಕೂಸು ಆರಾಮ ಅದನ ಈಗ?"

"ಗೊತ್ತಿಲ್ಲವ್ವ."

ಅಷ್ಟರಲ್ಲಿ ತಂಗಿ ಕೋಣೆಯಿಂದ ಹೊರಬಂದು, "ನೆಗಡಿ ಹೋಗ್ಯಾದಲ್ಲ ಅಕ್ಕಾ, ತಗೋ, ಎತ್ಗೋ" ಎಂದು ಮಗುವನ್ನು ನನ್ನ ಕಡೆ ಚಾಚಿದಳು. ನನಗೆ ಕೈ ಮುಂದೆ ಮಾಡಲು ಆಗಲಿಲ್ಲ.