ಕುಟ್ಟಿ ಕೂರಿಸಿದ ಹೆಸರುಕಾಳು

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಲೆ, ಕುಮಟೆಯ ನಮ್ಮ ಮನೆಯ ಜಗಲಿಯಲ್ಲಿ ನಾನೊಂದು ಪ್ರಯೋಗಶಾಲೆಯನ್ನು ಸಂಸ್ಥಾಪಿಸಿದೆ. ಸಕಲ ಆಸ್ತಿಯೆಂದರೆ ಗಾಜಿನ ಪೆಟ್ಟಿಗೆ, ಮೊಬೈಲು, ಹಳೆಯ ಲ್ಯಾಪ್‌ಟಾಪು ಮತ್ತು ಅಡುಗೆಮನೆಯಿಂದ ವಶಪಡಿಸಿಕೊಂಡ ಹೆಸರುಕಾಳು. ರಾಶಿಬಿದ್ದ ಕಾಳಿಗೆ ಸಾಲಿಲ್ಲ, ಕ್ರಮವಿಲ್ಲ. ಪೆಟ್ಟಿಗೆಯನ್ನು ಓರೆ ಮಾಡಿದರೆ ಯಾವ ಕಾಳು ಮೊದಲು ಜಾರುತ್ತದೆಂದು ಕಣ್ಣಿಗೆ ತಿಳಿಯುವುದಿಲ್ಲ. ಸಾವಿರಾರು ಚಿತ್ರ ತೋರಿಸಿ ಕಲಿಸಿದರೆ ಕಂಪ್ಯೂಟರಿಗೆ ತಿಳಿಯುತ್ತದೆ. ನೆರೆಹೊರೆಯ ಕಾಳುಗಳ ಹಿಡಿತ ಸಡಿಲವಾದ ಕಾಳನ್ನು ಅದು ತೆರೆಯ ಮೇಲೆ ಕೆಂಪಾಗಿಸುತ್ತಿತ್ತು; ಕೆಂಪಾದದ್ದು ಸಾಮಾನ್ಯವಾಗಿ ಜಾರುತ್ತಿತ್ತು.

ಒಂದು ಬೆಳಿಗ್ಗೆ ಚಿತ್ರ ತೆಗೆದು, ಒಳಗೆ ಹೋಗಿ ಚಹಾ ಕುಡಿದು ಬಂದು ಪೆಟ್ಟಿಗೆ ಓರೆ ಮಾಡಿದೆ. ಕೆಂಪಾದ ಒಂದು ಕಾಳೂ ಅಲುಗಲಿಲ್ಲ.

"ಇದನ್ನು ಯಾರಾದ್ರೂ ಮುಟ್ಟಿದ್ರಾ?" ಎಂದು ವಿಚಾರಣೆ ನಡೆಸಿದೆ. ಮನೆಯಲ್ಲಿದ್ದವಳು ಹೆಂಡತಿ ಒಬ್ಬಳೇ.

"ಮುಟ್ಲಿಲ್ಲ. ಕುಟ್ಟಿ ಕೂರ್ಸಿದೆ. ಮೇಲೆಲ್ಲ ಪೊಳ್ಳು ಪೊಳ್ಳು ಇತ್ತು."

ಯಾವ ಡಬ್ಬಿ ತುಂಬಿದರೂ ನೆಲಕ್ಕೆ ಕುಟ್ಟಿ ಕೂರಿಸುವುದು ಅವಳ ಕೈಯ ಅಭ್ಯಾಸ. ವಿಜ್ಞಾನವೂ ಅವಳಿಗೊಂದು ಡಬ್ಬಿ.

"ನನ್ನ ಪ್ರಯೋಗ ಎಂತ ಆಗ್ಬೇಕು?"

"ಎಂತ ಆಗ್ತದೆ? ನಾಳೆ ಉಸ್ಳಿ ಆಗ್ತದೆ."

ಉಸಳಿ ಆಗಲಿಲ್ಲ. ಆ ರಾತ್ರಿಯೇ ಅವಳಿಗೆ ಎದೆನೋವು ಬಂತು. ಬೆಳಗಾದ ಮೇಲೆ ಇಲ್ಲಿಯ ಡಾಕ್ಟರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಆಂಬುಲೆನ್ಸ್ ಹೊನ್ನಾವರ ದಾಟಿತು, ಭಟ್ಕಳದ ಹತ್ತಿರ ನಿಂತೇಬಿಟ್ಟಿತು. ಎದುರಿಗೆ ಟ್ಯಾಂಕರು, ಮೀನು ಲಾರಿ, ಬಸ್ಸು, ರಿಕ್ಷಾ ಎಲ್ಲ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಅವಳು ಆಕ್ಸಿಜನ್ ಮಾಸ್ಕನ್ನು ತುಸು ಸರಿಸಿದಳು.

"ಹೋಯ್, ಇದ್ರಲ್ಲಿ ಯಾವ್ದು ಮೊದ್ಲು ಜಾರ್ತದೆ? ನಿಮ್ಮ ಕಂಪ್ಯೂಟರ್ ಹತ್ರ ಕೇಳಿ."

"ಮೀನು ಲಾರಿ," ಎಂದೆ. ಅದರ ಎಡಕ್ಕೆ ಒಂದಿಷ್ಟು ಜಾಗ ಕಂಡಿತ್ತು.

"ನೋಡ್ವ."

ಜಾರಿದ್ದು ಮೀನು ಲಾರಿಯೇ. ಯಂತ್ರದ ನೆರವಿಲ್ಲದೆ ನಿಜವಾದ ನನ್ನ ಏಕೈಕ ಭವಿಷ್ಯವಾಣಿ ಅದು. ಹೇಳೋಣವೆಂದು ತಿರುಗಿದೆ. ಅವಳು ಕಣ್ಣು ಮುಚ್ಚಿದ್ದಳು. ಆಮೇಲೆ ದಾರಿ ಬಿಟ್ಟಿತು. ಆಂಬುಲೆನ್ಸ್ ಆಸ್ಪತ್ರೆ ಮುಟ್ಟಿತು, ಅವಳು ಮುಟ್ಟಲಿಲ್ಲ.

ಉಸಳಿಯಾಗದೆ ಉಳಿದ ಕಾಳನ್ನು ಮೊನ್ನೆ ಅವಳ ಡಬ್ಬಿಗೆ ಸುರಿದೆ. ಅದು ಬಾಯಿಯ ಮೇಲೆ ಗೋಪುರವಾಗಿ ನಿಂತಿತು, ಮುಚ್ಚಳ ಕೂರಲಿಲ್ಲ. ಏನು ಮಾಡಬೇಕೆಂದು ಗೊತ್ತಿತ್ತು. ಡಬ್ಬಿಯನ್ನು ಎತ್ತಿಯೂ ಹಿಡಿದೆ. ಆದರೆ ಆ ಕುಟ್ಟುವ ಸದ್ದು ಈ ಮನೆಯಲ್ಲಿ ಅವಳದು. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು, ಮೇಲಿನ ಒಂದು ಹಿಡಿ ಕಾಳು ತೆಗೆದು, ಮುಚ್ಚಳ ಹಾಕಿದೆ.